ವಿಜ್ಞಾನ ಉಪನ್ಯಾಸ ಸಪ್ತಾಹ ನಡೆಸುವುದು ಹೇಗೆ? ಬೆಳಗಾವಿ, ವಿಜಯಪುರ, ಬಾಗಲಕೋಟೆ ಕಡೆಯ ವಿಭಾಗಗಳಿಗೆ ಸಮಗ್ರ ಮಾರ್ಗದರ್ಶಿ

ಸೋಮವಾರ ಉದ್ಘಾಟನೆಗೆ ಸಭಾಂಗಣ ತುಂಬಿರುತ್ತದೆ. ಬುಧವಾರದ ಹೊತ್ತಿಗೆ ಮುಂದಿನ ಎರಡು ಸಾಲಿನಲ್ಲಿ ಪ್ರಾಧ್ಯಾಪಕರು, ಹಿಂದೆ ಒತ್ತಾಯಕ್ಕೆ ಕೂತ ಒಂದು ಬ್ಯಾಚು. ಶುಕ್ರವಾರ ಸಮಾರೋಪಕ್ಕೆ ಗ್ರೂಪ್ ಫೋಟೊ ತೆಗೆಯುವಷ್ಟು ಜನ ಉಳಿದರೆ ಪುಣ್ಯ. ಇದಾದ ಮೇಲೆ ಕೇಳಿಬರುವ ಮಾತು ಯಾವಾಗಲೂ ಒಂದೇ: "ಈಗಿನ ಹುಡುಗರಿಗೆ ಆಸಕ್ತಿನೇ ಇಲ್ರಿ."

ಆಸಕ್ತಿ ಇದೆ. ಕೆಲಸದ ಕ್ರಮ ತಲೆಕೆಳಗಾಗಿದೆ, ಅಷ್ಟೆ. ಮೊದಲು ಬ್ಯಾನರ್, ಆಮೇಲೆ ಮುಖ್ಯ ಅತಿಥಿ, ಆಮೇಲೆ ದಿನಾಂಕ, ಆಮೇಲೆ ವಿಷಯ. ಕೇಳುವವರ ನೆನಪಾಗುವುದು ಎಲ್ಲಕ್ಕೂ ಕೊನೆಗೆ. ಕೆಳಗಿನ ಹಂತಗಳು ಕೇಳುವವರಿಂದ ಶುರುವಾಗುತ್ತವೆ. ಕ್ರಮ ಬದಲಿಸಬೇಡಿ. ಕೈಯಲ್ಲಿ ಹತ್ತು ವಾರ ಇರಲಿ. ಆರು ವಾರಕ್ಕಿಂತ ಕಡಿಮೆ ಉಳಿದಿದ್ದರೆ ವಾರದ ಆಸೆ ಬಿಟ್ಟು ಎರಡು ದಿನದ ಕಾರ್ಯಕ್ರಮ ಮಾಡಿ, ಚೆನ್ನಾಗಿ ಮಾಡಿ.

ಹಂತ 1: ಬೇಡದ ದಿನಗಳನ್ನು ಮೊದಲು ಹೊಡೆದುಹಾಕಿ

ಗೋಡೆಯ ಕ್ಯಾಲೆಂಡರ್ ಇಳಿಸಿ, ಕೆಂಪು ಪೆನ್ನು ತೆಗೆದುಕೊಳ್ಳಿ. ಮೊದಲು ಪರೀಕ್ಷೆ, ಪ್ರಾಯೋಗಿಕ ಪರೀಕ್ಷೆ ಮತ್ತು ಇಂಟರ್ನಲ್ಸ್ ದಿನಗಳು ಹೋಗಲಿ. ಆಮೇಲೆ ನಮ್ಮ ಕಡೆಯ ದಿನಗಳು.

ಬೆಳಗಾವಿಯಲ್ಲಿ ವಿಧಾನಮಂಡಲದ ಚಳಿಗಾಲದ ಅಧಿವೇಶನ ನಡೆಯುವ ದಿನಗಳು ಬೇಡವೇ ಬೇಡ. ಸಾಮಾನ್ಯವಾಗಿ ಇದು ಡಿಸೆಂಬರಿನಲ್ಲಿ ಬರುತ್ತದೆ. ಲಾಡ್ಜು, ಹೋಟೆಲು, ಸರ್ಕಾರಿ ಅತಿಥಿ ಗೃಹ ಎಲ್ಲವೂ ಭರ್ತಿ. ಧಾರವಾಡ ಕಡೆಯಿಂದ ಬರುವ ಅತಿಥಿಯ ಕಾರು ಸುವರ್ಣ ವಿಧಾನಸೌಧದ ಎದುರಿನ ಹೆದ್ದಾರಿಯಲ್ಲೇ ಬರಬೇಕು. ಅಲ್ಲಿ ಪ್ರತಿಭಟನೆ ಇದ್ದರೆ ನಿಮ್ಮ ಹನ್ನೊಂದು ಗಂಟೆಯ ಉಪನ್ಯಾಸ ಯಾವಾಗ ಶುರುವಾಗುತ್ತದೋ ದೇವರಿಗೇ ಗೊತ್ತು. ಗಣೇಶೋತ್ಸವದ ಹನ್ನೊಂದು ದಿನ, ವಿಸರ್ಜನೆಯ ಮರುದಿನ, ನವೆಂಬರ್ 1ರ ಅಕ್ಕಪಕ್ಕ ಕೂಡ ಬೇಡ. ಜುಲೈನಲ್ಲಿ ಬೆಳಗಾವಿ, ಖಾನಾಪುರ ಕಡೆಯ ಮಳೆಗೆ ರಜೆ ಘೋಷಣೆಯಾಗುವ ಸಂಭವ ಇರುತ್ತದೆ.

ವಿಜಯಪುರದವರು ಸಂಕ್ರಾಂತಿ ಸಮಯದ ಸಿದ್ಧೇಶ್ವರ ಜಾತ್ರೆಯ ವಾರ ಬಿಡಿ. ಬಾಗಲಕೋಟೆಯವರು ಬನಶಂಕರಿ ಜಾತ್ರೆಯ ತೇರಿನ ದಿನ ನೋಡಿಕೊಳ್ಳಿ. ಸವದತ್ತಿ ಯಲ್ಲಮ್ಮನ ಭಾರತ ಹುಣ್ಣಿಮೆಯ ಹಿಂದುಮುಂದೆ ಹಳ್ಳಿ ಬಸ್ಸು ನಂಬಿ ಕಾರ್ಯಕ್ರಮ ಇಡಬೇಡಿ. ಏಪ್ರಿಲ್, ಮೇ ತಿಂಗಳಲ್ಲಿ ವಿಜಯಪುರದ ಬಿಸಿಲಿಗೆ ಮಧ್ಯಾಹ್ನದ ಉಪನ್ಯಾಸ ಎಂದರೆ ಸಾಮೂಹಿಕ ನಿದ್ದೆ.

ಫೆಬ್ರವರಿ 28ರ ರಾಷ್ಟ್ರೀಯ ವಿಜ್ಞಾನ ದಿನದ ವಾರವನ್ನೇ ಎಲ್ಲರೂ ಹಿಡಿಯುತ್ತಾರೆ. 1928ರಲ್ಲಿ ರಾಮನ್ ಪರಿಣಾಮ ಹೊರಬಿದ್ದ ದಿನ ಅದು, ಕಾರಣ ಸರಿಯಾಗಿಯೇ ಇದೆ. ಆದರೆ ಆ ವಾರ ಮಾತಾಡಬಲ್ಲ ವಿಜ್ಞಾನಿಗಳೆಲ್ಲ ಬೇರೆ ಬೇರೆ ಕಡೆ ಒಪ್ಪಿಕೊಂಡಿರುತ್ತಾರೆ. ಒಂದು ವಾರ ಮುಂಚೆ ಅಥವಾ ಒಂದು ವಾರ ತಡವಾಗಿ ಇಡಿ. ಕರೆದವರು ಬರುತ್ತಾರೆ.

ಐದು ದಿನ ಸಾಕು. ಸೋಮವಾರ ಬೆಳಿಗ್ಗೆ ಮಾತ್ರ ಏನೂ ಇಡಬೇಡಿ. ಶನಿವಾರ ಊರಿಗೆ ಹೋದ ಹಾಸ್ಟೆಲ್ ಹುಡುಗರು ಸೋಮವಾರ ಬೆಳಗಿನ ಬಸ್ಸಿಗೆ ಹೊರಟು ಹನ್ನೊಂದರ ಮೇಲೆ ಬಂದು ಮುಟ್ಟುತ್ತಾರೆ.

ಹಂತ 2: ಬಸ್ಸಿನ ವೇಳೆ ಹಿಡಿದು ವೇಳಾಪಟ್ಟಿ ಬರೆಯಿರಿ

ನಮ್ಮ ಕ್ಯಾಂಪಸ್ಸುಗಳು ಊರಾಚೆ ಇವೆ. ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಇರುವುದು ಮಚ್ಛೆಯಲ್ಲಿ, ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ ಇರುವುದು ತೊರವಿಯಲ್ಲಿ. ಗೋಕಾಕ, ಬೈಲಹೊಂಗಲ, ಅಥಣಿ, ಇಂಡಿ, ಮುಧೋಳದಿಂದ ದಿನಾ ಓಡಾಡುವವರು ಪ್ರತಿ ತರಗತಿಯಲ್ಲೂ ಇರುತ್ತಾರೆ. ಅವರ ಸಂಜೆಯ ಬಸ್ಸು ತಪ್ಪಿದರೆ ಮನೆ ಸೇರುವುದು ಕತ್ತಲಾದ ಮೇಲೆ. ಹೆಣ್ಣುಮಕ್ಕಳ ಮನೆಯವರು ಅದಕ್ಕೆ ಒಪ್ಪುವುದಿಲ್ಲ.

ಪ್ರತಿ ತರಗತಿಗೆ ಒಂದು ಹಾಳೆ ಕಳಿಸಿ. ಊರು, ಬರುವ ಬಸ್ಸಿನ ವೇಳೆ, ಹೋಗುವ ಬಸ್ಸಿನ ವೇಳೆ, ಇಷ್ಟೇ ಕಲಂ. ಅದನ್ನು ನೋಡಿದರೆ ದಿನದ ಅಂಚು ತಾನಾಗಿ ಗೊತ್ತಾಗುತ್ತದೆ. ಬಹುತೇಕ ಕಡೆ ಉಳಿಯುವ ಹೊತ್ತು 10.30ರಿಂದ 3.30. ಅದರೊಳಗೆ ದಿನಕ್ಕೆ ಎರಡೇ ಉಪನ್ಯಾಸ: 11ಕ್ಕೆ ಒಂದು, 2ಕ್ಕೆ ಒಂದು. ಒಂದೊಂದಕ್ಕೂ ಮಾತು 40 ನಿಮಿಷ, ಪ್ರಶ್ನೆ 20 ನಿಮಿಷ. ದಿನಕ್ಕೆ ನಾಲ್ಕು ಉಪನ್ಯಾಸ ತುರುಕಿದ ವೇಳಾಪಟ್ಟಿ ಆಹ್ವಾನ ಪತ್ರಿಕೆಯಲ್ಲಿ ಚೆಂದ ಕಾಣುತ್ತದೆ. ನಡೆಯುವಾಗ ಮೊದಲು ಬಲಿಯಾಗುವುದು ಪ್ರಶ್ನೆಯ ಹೊತ್ತು. ಅದು ಹೋದರೆ ಉಳಿದದ್ದನ್ನು ಯುಟ್ಯೂಬಿನಲ್ಲೇ ನೋಡಬಹುದಿತ್ತು, ಅಲ್ವಾ?

ಹಂತ 3: ವಾರಕ್ಕೊಂದು ದಾರ ಹಿಡಿಯಿರಿ

"ವಿಜ್ಞಾನ ಮತ್ತು ತಂತ್ರಜ್ಞಾನದಲ್ಲಿ ಇತ್ತೀಚಿನ ಬೆಳವಣಿಗೆಗಳು" ಎಂಬ ಶೀರ್ಷಿಕೆ ಇಟ್ಟರೆ ಯಾರನ್ನು ಬೇಕಾದರೂ ಕರೆಯಬಹುದು. ಅದೇ ಅದರ ತೊಂದರೆ. ಹತ್ತು ಉಪನ್ಯಾಸ ಹತ್ತು ದಿಕ್ಕಿಗೆ ಹೋಗುತ್ತವೆ. ನಿನ್ನೆ ಕೇಳಿದ್ದು ಇವತ್ತಿಗೆ ಉಪಯೋಗಕ್ಕೆ ಬರುವುದಿಲ್ಲ, ಹಾಗಾಗಿ ನಾಳೆ ಬರಲು ಯಾರಿಗೂ ಕಾರಣ ಇರುವುದಿಲ್ಲ.

ನಮ್ಮ ನೆಲದಲ್ಲೇ ಒಂದು ವಾರಕ್ಕೆ ಸಾಕಾಗುವಷ್ಟು ವಿಜ್ಞಾನ ಇದೆ. ಒಂದು ಮಾದರಿ ನೋಡಿ.

ಮೊದಲ ದಿನ ಕಲ್ಲು. ವಿಜಯಪುರದ ಬಹುಭಾಗ ಮತ್ತು ಬೆಳಗಾವಿಯ ದೊಡ್ಡ ಭಾಗ ದಖ್ಖನ್ ಲಾವಾ ಹರಿದು ಗಟ್ಟಿಯಾದ ನೆಲ, ಸುಮಾರು 6.6 ಕೋಟಿ ವರ್ಷ ಹಿಂದಿನದು. ಬಾಗಲಕೋಟೆ ಕಡೆಯ ಕಲಾದಗಿ ಪದರಶಿಲೆ ಅದಕ್ಕಿಂತ ಎಷ್ಟೋ ಹಳೆಯದು. ಎರಡನೆಯ ದಿನ ಆ ಲಾವಾ ಕಲ್ಲು ಸವೆದು ಆದ ಎರೆಮಣ್ಣು: ಮಳೆಗೆ ಉಬ್ಬಿ, ಬೇಸಿಗೆಗೆ ಬಿರುಕು ಬಿಡುವ ಜೇಡಿಯ ರಚನೆ, ಅದರ ಮೇಲೆ ಕಟ್ಟಿದ ಮನೆಯ ಗೋಡೆ ಸೀಳುವ ಕಾರಣ. ಇಲ್ಲಿ ರಸಾಯನಶಾಸ್ತ್ರದವರಿಗೂ ಸಿವಿಲ್ ಎಂಜಿನಿಯರಿಂಗ್‌ನವರಿಗೂ ಒಟ್ಟಿಗೆ ಕೆಲಸ ಸಿಗುತ್ತದೆ. ಮೂರನೆಯ ದಿನ ನೀರು. ಕಾಲುವೆ ನೀರು ಹೆಚ್ಚಾಗಿ ಹರಿದ ಹೊಲದಲ್ಲಿ ಅಂತರ್ಜಲ ಮೇಲೇರಿ, ನೀರು ಆವಿಯಾಗಿ, ಉಪ್ಪು ಮೇಲುಳಿದು ಸವಳು ಭೂಮಿ ಆಗುವ ಬಗೆ. ನಾಲ್ಕನೆಯ ದಿನ ದಾಳಿಂಬೆಯ ದುಂಡಾಣು ಅಂಗಮಾರಿ. ಕ್ಸಾಂಥೋಮೊನಾಸ್ ಎಂಬ ಬ್ಯಾಕ್ಟೀರಿಯಾ ಮಳೆ ಹನಿಯ ಸಿಡಿತದಲ್ಲಿ ಗಿಡದಿಂದ ಗಿಡಕ್ಕೆ ಹೇಗೆ ಹೋಗುತ್ತದೆ, ತಳಿಶಾಸ್ತ್ರದವರು ಅದರ ವಿರುದ್ಧ ಏನು ಹುಡುಕುತ್ತಿದ್ದಾರೆ. ಈ ರೋಗಕ್ಕೆ ತೋಟ ಕಿತ್ತುಹಾಕಿದ ಮನೆಯ ಹುಡುಗ ನಿಮ್ಮ ತರಗತಿಯಲ್ಲೇ ಕೂತಿರಬಹುದು.

ಐದನೆಯ ದಿನ ಮಾತ್ರ ಊರಿಗೆ ಸಂಬಂಧವೇ ಇಲ್ಲದ ವಿಷಯ ಇಡಿ: ಗುರುತ್ವ ಅಲೆ, ಕ್ವಾಂಟಂ, ಸಂಖ್ಯಾಶಾಸ್ತ್ರ, ಏನಾದರೂ ಸರಿ. ಉತ್ತರ ಕರ್ನಾಟಕದ ಹುಡುಗರಿಗೆ ಬರೀ ಬೆಳೆ, ಮಣ್ಣಿನ ವಿಜ್ಞಾನವೇ ಸಾಕು ಎಂಬ ಭಾವನೆ ನಮ್ಮ ಕಾರ್ಯಕ್ರಮದಿಂದ ಹುಟ್ಟಬಾರದು.

ಹಂತ 4: ಹಣ, ಅನುಮತಿ

ಇದನ್ನು ಬೇಗ ಮುಗಿಸಿ. ದಿನಾಂಕ, ವೇಳಾಪಟ್ಟಿ, ವಿಷಯ ಮೂರೂ ಇರುವ ಒಂದು ಪುಟದ ಟಿಪ್ಪಣಿಯನ್ನು ವಿಭಾಗದ ಮುಖ್ಯಸ್ಥರ ಮೂಲಕ ಕುಲಸಚಿವರಿಗೆ ಕಳಿಸಿ. ಊಟ, ವಾಹನ, ಮುದ್ರಣಕ್ಕೆ ಕೊಟೇಶನ್ ಆಗಲೇ ಲಗತ್ತಿಸಿ. ಪ್ರಯಾಣ ಭತ್ಯೆ ಮತ್ತು ಗೌರವಧನದ ದರ ಹಣಕಾಸು ವಿಭಾಗದಿಂದ ಬರಹದಲ್ಲಿ ತೆಗೆದುಕೊಳ್ಳಿ. ಬಾಯಿಮಾತಿನ "ಆಯ್ತು, ಮಾಡ್ರಿ" ಬಿಲ್ ಪಾಸು ಮಾಡುವಾಗ ಯಾರಿಗೂ ನೆನಪಿರುವುದಿಲ್ಲ.

ಭಾರತೀಯ ವಿಜ್ಞಾನ ಅಕಾಡೆಮಿ ಸೇರಿ ಮೂರು ರಾಷ್ಟ್ರೀಯ ಅಕಾಡೆಮಿಗಳು ಜಂಟಿಯಾಗಿ ಕಾಲೇಜು, ವಿಶ್ವವಿದ್ಯಾಲಯಗಳಲ್ಲಿ ಉಪನ್ಯಾಸ ಕಾರ್ಯಾಗಾರಗಳಿಗೆ ನೆರವು ಕೊಡುತ್ತವೆ. ವಾರದ ಎರಡು ದಿನವನ್ನು ಆ ಚೌಕಟ್ಟಿಗೆ ಹೊಂದಿಸಬಹುದು. ಅರ್ಜಿ ತಿಂಗಳುಗಳ ಮುಂಚೆ ಹೋಗಬೇಕು.

ಹಂತ 5: ಉಪನ್ಯಾಸಕರನ್ನು ಕರೆಯುವುದು

ಹೆಚ್ಚಿನವರು ಎಡವುವುದು ಇಲ್ಲಿ. ಬೆಂಗಳೂರಿನ ದೊಡ್ಡ ಹೆಸರಿಗೆ ಕಾಯುತ್ತಾ ಎರಡು ತಿಂಗಳು ಕಳೆಯುತ್ತಾರೆ. ಕೊನೆಗೆ ಅವರು ಬರುವುದಿಲ್ಲ, ಅಥವಾ ಬೆಳಿಗ್ಗೆ ಬಂದು ಮಧ್ಯಾಹ್ನದ ವಿಮಾನಕ್ಕೆ ಹೋಗುತ್ತಾರೆ. ಅದರ ಬದಲು ಸುತ್ತಲಿನ ಊರುಗಳಿಂದ ಶುರು ಮಾಡಿ. ಬೆಳಗಾವಿಯಲ್ಲೇ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ ಸಾಂಪ್ರದಾಯಿಕ ಔಷಧ ಸಂಸ್ಥೆ ಇದೆ. ಧಾರವಾಡದಲ್ಲಿ ಕರ್ನಾಟಕ ವಿಶ್ವವಿದ್ಯಾಲಯ, ಕೃಷಿ ವಿಶ್ವವಿದ್ಯಾಲಯ, ಐಐಟಿ. ಬಾಗಲಕೋಟೆಯಲ್ಲಿ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ. ಗೋವಾದ ದೋನಾ ಪಾವುಲಾದಲ್ಲಿ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆ. ಪುಣೆಯಲ್ಲಿ ವಿಜ್ಞಾನ ಶಿಕ್ಷಣ, ಸಂಶೋಧನೆಯ ಐಸರ್, ಖಗೋಳ ವಿಜ್ಞಾನದ ಐಯುಕಾ, ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯ. ಬೆಳಗಾವಿಯವರಿಗೆ ಬೆಂಗಳೂರಿಗಿಂತ ಪುಣೆಯೇ ಹತ್ತಿರ.

ಹತ್ತರಲ್ಲಿ ನಾಲ್ಕು ಜನವಾದರೂ 40 ವಯಸ್ಸಿನ ಒಳಗಿನವರಿರಲಿ. ಪಿಎಚ್‌ಡಿ ಮುಗಿಸಿ ಕೆಲವೇ ವರ್ಷ ಆದವರು ತಮ್ಮ ಕೈಯಾರೆ ಮಾಡಿದ ಪ್ರಯೋಗದ ಬಗ್ಗೆ ಮಾತಾಡುತ್ತಾರೆ. ಯಂತ್ರ ಕೆಟ್ಟದ್ದು, ಮಾದರಿ ಹಾಳಾದದ್ದು ಎಲ್ಲ ಹೇಳುತ್ತಾರೆ. ಎಂಎಸ್ಸಿ ಹುಡುಗಿಗೆ ತಾನೂ ಅಲ್ಲಿಗೆ ಹೋಗಬಹುದು ಅನ್ನಿಸುವುದು ಅಂಥವರನ್ನು ನೋಡಿದಾಗ.

ಆಹ್ವಾನದ ಪತ್ರದಲ್ಲಿ ಹೊಗಳಿಕೆ ಕಡಿಮೆ, ಮಾಹಿತಿ ಜಾಸ್ತಿ ಇರಲಿ. ಹೀಗೆ ಬರೆಯಬಹುದು:

"ಮಾನ್ಯರೇ, ನಮ್ಮ ವಿಭಾಗದ ಉಪನ್ಯಾಸ ಸಪ್ತಾಹದ ಮೂರನೆಯ ದಿನ, 11 ಗಂಟೆಗೆ ತಾವು ಮಾತಾಡಬೇಕೆಂದು ಕೋರುತ್ತೇವೆ. ಕೇಳುವವರು ಎಂಎಸ್ಸಿ ರಸಾಯನಶಾಸ್ತ್ರ, ಸಸ್ಯಶಾಸ್ತ್ರದ ವಿದ್ಯಾರ್ಥಿಗಳು. ಬಹಳಷ್ಟು ಜನ ಪಿಯುಸಿವರೆಗೆ ಕನ್ನಡದ ಊರುಗಳಲ್ಲಿ ಓದಿದವರು. ಹಿಂದಿನ ದಿನ ಅವರು ಎರೆಮಣ್ಣಿನ ರಚನೆ ಬಗ್ಗೆ ಕೇಳಿರುತ್ತಾರೆ, ತಾವು ಅಲ್ಲಿಂದ ಮುಂದುವರಿಸಬಹುದು. ಮಾತು 40 ನಿಮಿಷ, ಪ್ರಶ್ನೆ 20 ನಿಮಿಷ. ತಮ್ಮ ಸಂಶೋಧನೆಯಲ್ಲಿ ಇನ್ನೂ ಉತ್ತರ ಸಿಗದ ಒಂದು ಪ್ರಶ್ನೆಯನ್ನು ಕೊನೆಗೆ ಹೇಳಿದರೆ ನಮಗೆ ಬಹಳ ಉಪಯೋಗ. ಊಟ ವಿದ್ಯಾರ್ಥಿಗಳ ಜೊತೆ ಇಟ್ಟಿದ್ದೇವೆ. ಪ್ರಯಾಣ, ವಸತಿ, ಗೌರವಧನದ ವಿವರ ಕೆಳಗಿದೆ."

ಒಪ್ಪಿದ ಮೇಲೆ ಮೂರು ಸಲ ಮಾತಾಡಿ: ಆರು ವಾರ ಮುಂಚೆ ಶೀರ್ಷಿಕೆಗೆ, ಎರಡು ವಾರ ಮುಂಚೆ ಟಿಕೆಟಿಗೆ, ಎರಡು ದಿನ ಮುಂಚೆ ಸುಮ್ನೆ ಒಂದು ಫೋನು.

ಎಚ್ಚರಿಕೆಯ ಗುರುತು: "ನೋಡೋಣ, ಪ್ರಯತ್ನ ಮಾಡ್ತೀನಿ" ಅಂದರೆ ಇಲ್ಲ ಎಂದೇ ತಿಳಿಯಿರಿ. ಹತ್ತು ದಿನ ಮುಂಚೆಯೂ ಶೀರ್ಷಿಕೆ ಬಂದಿಲ್ಲ ಅಂದರೆ ಬದಲಿ ಉಪನ್ಯಾಸಕರಿಗೆ ಫೋನು ಮಾಡುವ ಹೊತ್ತು. ಬದಲಿಯಾಗಿ ನಿಮ್ಮ ಜಿಲ್ಲೆಯ ಇಬ್ಬರನ್ನು ಮೊದಲೇ ಒಪ್ಪಿಸಿ ಇಟ್ಟುಕೊಳ್ಳಿ, ಬದಲಿ ಎಂದು ಮುಚ್ಚಿಡದೆ ಹೇಳಿಯೇ ಒಪ್ಪಿಸಿ.

ಹಂತ 6: ವಿದ್ಯಾರ್ಥಿಗಳನ್ನು ತಯಾರು ಮಾಡುವುದು

ಇದನ್ನು ಬಿಟ್ಟರೆ ಮೇಲಿನದೆಲ್ಲ ದಂಡ. ಪ್ರತಿ ಉಪನ್ಯಾಸಕ್ಕೆ ಒಂದು ಪುಟದ ಹಾಳೆ ಬೇಕು, ಕನ್ನಡದಲ್ಲಿ. ಮೇಲೆ ಮೂರು ಸಾಲಿನ ವಿಷಯ ಪರಿಚಯ. ಕೆಳಗೆ ಉಪನ್ಯಾಸಕರು ಬಳಸುವ ಹತ್ತು ಇಂಗ್ಲಿಷ್ ಪದ ಮತ್ತು ಅವುಗಳ ಸರಳ ವಿವರಣೆ. ಕೊನೆಗೆ ಒಂದು ಚಿತ್ರ ಅಥವಾ ಗ್ರಾಫ್. ಇದನ್ನು ಸಂಶೋಧನಾ ವಿದ್ಯಾರ್ಥಿಗಳಿಂದ ಬರೆಸಿ, ಉಪನ್ಯಾಸಕರಿಗೆ ಕಳಿಸಿ ತಿದ್ದಿಸಿ. ಹಿಂದಿನ ದಿನದ ಒಂದು ಪೀರಿಯಡ್ ಅದನ್ನು ಓದಲು ಕೊಡಿ.

ಅತಿಥಿಗೆ ಕನ್ನಡ ಬಾರದಿದ್ದರೆ ನಡುನಡುವೆ ಅನುವಾದ ಮಾಡಿಸಬೇಡಿ. ಹೊತ್ತು ಎರಡರಷ್ಟು ಆಗುತ್ತದೆ, ಅವರ ಮಾತಿನ ಓಟವೂ ತುಂಡಾಗುತ್ತದೆ. ಶುರುವಿಗೆ ನಿಮ್ಮವರೊಬ್ಬರು ಐದು ನಿಮಿಷ ಕನ್ನಡದಲ್ಲಿ ದಾರಿ ತೋರಿಸಲಿ, ಸಾಕು. ಪ್ರಶ್ನೆಯನ್ನು ಕನ್ನಡ, ಮರಾಠಿ, ಇಂಗ್ಲಿಷ್, ಯಾವುದರಲ್ಲಾದರೂ ಕೇಳಬಹುದು ಎಂದು ಮೈಕಿನಲ್ಲಿ ಹೇಳಿ. ಬೆಳಗಾವಿಯಲ್ಲಂತೂ ಇದನ್ನು ಹೇಳಲೇಬೇಕು. ಹೇಳದಿದ್ದರೆ ಇಂಗ್ಲಿಷ್ ಚೆನ್ನಾಗಿ ಬರುವ ಮೂರು ಜನರೇ ವಾರಪೂರ್ತಿ ಕೇಳುತ್ತಾರೆ.

ಪ್ರತಿ ತರಗತಿ ಎರಡು ಪ್ರಶ್ನೆ ಬರೆದು ತರಲಿ. ಮೊದಲ ಮೂರು ಪ್ರಶ್ನೆ ವಿದ್ಯಾರ್ಥಿಗಳದೇ ಆಗಬೇಕು, ಪ್ರಾಧ್ಯಾಪಕರು ಆಮೇಲೆ. ಈ ನಿಯಮವನ್ನು ಪ್ರಾಧ್ಯಾಪಕರಿಗೆ ಮುಂಚೆಯೇ ನಯವಾಗಿ ತಿಳಿಸಿ. "ನನ್ನದು ಪ್ರಶ್ನೆ ಅಲ್ಲ, ಒಂದು ಅನಿಸಿಕೆ" ಎಂದು ಎದ್ದು ನಿಲ್ಲುವವರು ಎಲ್ಲ ಊರಲ್ಲೂ ಇದ್ದಾರೆ.

ಹಾಜರಾತಿಗೆ ಸಹಿ ಶುರುವಿನಲ್ಲಿ ತೆಗೆದುಕೊಂಡರೆ ಹಿಂದಿನ ಬಾಗಿಲಿಂದ ಅರ್ಧ ಜನ ಮಾಯ. ಬಾಗಿಲು ಹಾಕಿಸುವುದು ಇನ್ನೂ ಕೆಟ್ಟ ದಾರಿ. ಬರೆದ ಪ್ರಶ್ನೆಯ ಚೀಟಿಯನ್ನೇ ಕೊನೆಗೆ ಹಾಜರಾತಿ ಎಂದು ತೆಗೆದುಕೊಳ್ಳಿ.

ಹಂತ 7: ಸಭಾಂಗಣ ಮತ್ತು ಸಾಮಾನು

500 ಕುರ್ಚಿಯ ಸಭಾಂಗಣದಲ್ಲಿ 120 ಜನ ಕೂತರೆ ಖಾಲಿ ಕಾಣುತ್ತದೆ, ಅತಿಥಿಯ ಉತ್ಸಾಹವೂ ಇಳಿಯುತ್ತದೆ. ಉದ್ಘಾಟನೆ ದೊಡ್ಡದರಲ್ಲಿ ಆಗಲಿ, ಉಪನ್ಯಾಸ ಸೆಮಿನಾರ್ ಹಾಲಿನಲ್ಲಿ.

ಕೈಯಲ್ಲಿ ಇರಬೇಕಾದ್ದು: ಪ್ರೊಜೆಕ್ಟರಿಗೆ ಎರಡು ಎಚ್‌ಡಿಎಂಐ ಕೇಬಲ್, ಒಂದು ವಿಜಿಎ ಕೇಬಲ್, ಟೈಪ್-ಸಿ ಅಡಾಪ್ಟರ್. ಪ್ರೊಜೆಕ್ಟರ್ ಮತ್ತು ಲ್ಯಾಪ್‌ಟಾಪ್ ಎರಡಕ್ಕೂ ಯುಪಿಎಸ್. ಒಂದು ಕಾಲರ್ ಮೈಕ್, ಕೇಳುವವರಿಗೆ ಎರಡು ಕೈ ಮೈಕ್, ಹೊಸ ಸೆಲ್ಲು. ಕರಿ ಹಲಗೆ ಅಥವಾ ಬಿಳಿ ಬೋರ್ಡ್. ಮಾತಾಡುವವರ ಕಣ್ಣಿಗೆ ಬೀಳುವಂತೆ ದೊಡ್ಡ ಗಡಿಯಾರ. ಜನರೇಟರಿನಲ್ಲಿ ಡೀಸೆಲ್ ಇದೆಯೇ ಎಂದು ಕಣ್ಣಾರೆ ನೋಡಿ. ಕರೆಂಟ್ ಹೋದಾಗ ಕೀಲಿ ಯಾರ ಹತ್ತಿರ ಇದೆ ಎಂದು ಹುಡುಕುವುದರಲ್ಲೇ ಇಪ್ಪತ್ತು ನಿಮಿಷ ಹೋಗುತ್ತದೆ.

ಸ್ಲೈಡು ಹಿಂದಿನ ಸಂಜೆಯೇ ಪಿಡಿಎಫ್ ರೂಪದಲ್ಲಿ ತರಿಸಿಕೊಳ್ಳಿ. ಇದಕ್ಕೆ ನಮ್ಮದೇ ಒಂದು ಕಾರಣ ಇದೆ. ಹಳೆಯ ನುಡಿ ಫಾಂಟಿನಲ್ಲಿ ಮಾಡಿದ ಸ್ಲೈಡನ್ನು ಆ ಫಾಂಟ್ ಇಲ್ಲದ ಲ್ಯಾಪ್‌ಟಾಪಿನಲ್ಲಿ ತೆರೆದರೆ ಕನ್ನಡದ ಜಾಗದಲ್ಲಿ ಅರ್ಥವಿಲ್ಲದ ಗುರುತುಗಳು ಬರುತ್ತವೆ. ಯೂನಿಕೋಡಿಗೆ ಬದಲಿಸಿ, ಅಥವಾ ಪಿಡಿಎಫ್ ಮಾಡಿ.

ಪರದೆಯ ಪರೀಕ್ಷೆಯನ್ನು ರಾತ್ರಿ ಮಾಡಬೇಡಿ. ಉಪನ್ಯಾಸ ನಡೆಯುವ ಹೊತ್ತಿಗೇ ಮಾಡಿ. ಮಧ್ಯಾಹ್ನ 2ರ ಬಿಸಿಲು ಪಶ್ಚಿಮದ ಕಿಟಕಿಯಿಂದ ನೇರ ಪರದೆ ಮೇಲೆ ಬಿದ್ದರೆ ಗ್ರಾಫಿನ ತಿಳಿ ಹಳದಿ ಗೆರೆ ಯಾರಿಗೂ ಕಾಣುವುದಿಲ್ಲ. ಕೊನೆ ಬೆಂಚಿನಲ್ಲಿ ಒಬ್ಬರನ್ನು ಕೂರಿಸಿ ಓದಿಸಿ.

ಹಂತ 8: ಉದ್ಘಾಟನೆಗೆ ಬೇಲಿ ಹಾಕುವುದು

ನಾಡಗೀತೆ, ದೀಪ, ಸ್ವಾಗತ, ಪ್ರಾಸ್ತಾವಿಕ, ಸನ್ಮಾನ, ಆರು ಭಾಷಣ, ವಂದನೆ. ಮುಗಿಯುವ ಹೊತ್ತಿಗೆ ಒಂದು ಗಂಟೆ. ಪುಣೆಯಿಂದ ಬಂದ ವಿಜ್ಞಾನಿ ಊಟಕ್ಕೆ ಮುಂಚಿನ ಹದಿನೈದು ನಿಮಿಷದಲ್ಲಿ ಮಾತಾಡುತ್ತಾರೆ. ವೇದಿಕೆ ಮೇಲೆ ಐದಕ್ಕಿಂತ ಹೆಚ್ಚು ಕುರ್ಚಿ ಕಂಡರೆ ಮೊದಲ ಉಪನ್ಯಾಸ ಕೈತಪ್ಪಿತು ಎಂದೇ ತಿಳಿಯಿರಿ.

ನನ್ನ ಸಲಹೆ: ಸೋಮವಾರ ಮಧ್ಯಾಹ್ನ 2ಕ್ಕೆ ಮೊದಲ ಉಪನ್ಯಾಸ, 3ಕ್ಕೆ ಉದ್ಘಾಟನೆ. ವಿಚಿತ್ರ ಅನ್ನಿಸಬಹುದು. ಆದರೆ ಗಣ್ಯರು ತಡವಾದರೂ ಉಪನ್ಯಾಸ ನಿಲ್ಲುವುದಿಲ್ಲ, 3.30ರ ಬಸ್ಸಿನ ಒತ್ತಡ ಭಾಷಣಗಳನ್ನು ತಾನಾಗಿ ಚಿಕ್ಕದು ಮಾಡುತ್ತದೆ. ಕುಲಪತಿಗಳ ಕಚೇರಿ ಒಪ್ಪದಿದ್ದರೆ ಆಹ್ವಾನ ಪತ್ರಿಕೆಯಲ್ಲೇ ಉದ್ಘಾಟನೆಗೆ 30 ನಿಮಿಷ ಎಂದು ಮುದ್ರಿಸಿ. ಶಾಲು, ಹಾರ, ಸ್ಮರಣಿಕೆ ಮೂರರ ಬದಲು ಬೆಳಗಾವಿ ಕುಂದಾದ ಒಂದು ಡಬ್ಬಿ ಕೊಡಿ. ಅತಿಥಿ ಮನೆಗೆ ಒಯ್ಯುವುದು ಅದನ್ನೇ.

ಹಂತ 9: ಆ ವಾರದ ದಿನಚರಿ

ಬೆಳಿಗ್ಗೆ 9ಕ್ಕೆ ಮೈಕ್, ಪ್ರೊಜೆಕ್ಟರ್, ನೀರು. 10ಕ್ಕೆ ಅತಿಥಿ ಹೊರಟರೇ ಎಂದು ಡ್ರೈವರಿಗೆ ಫೋನು. ಹೇಳಿದ ಹೊತ್ತಿಗೆ ಶುರು ಮಾಡಿ, ಮೂವತ್ತೇ ಜನ ಇದ್ದರೂ ಸರಿ. ಮೊದಲ ದಿನ ಕಾದರೆ ಉಳಿದ ನಾಲ್ಕು ದಿನ ಎಲ್ಲರೂ ತಡವಾಗಿಯೇ ಬರುತ್ತಾರೆ. ಮುಂದಿನ ಸಾಲಿನಲ್ಲಿ ಒಬ್ಬ ಸಂಶೋಧನಾ ವಿದ್ಯಾರ್ಥಿ "10 ನಿಮಿಷ", "5 ನಿಮಿಷ", "ಮುಗಿಸಿ" ಎಂಬ ಮೂರು ರಟ್ಟು ಹಿಡಿದು ಕೂರಲಿ. ಪರಿಚಯ ಎರಡು ನಿಮಿಷ. ಪ್ರಕಟಣೆಗಳ ಪಟ್ಟಿ ಓದುವುದು ಬೇಡ.

ಅತಿಥಿಯ ಊಟ ವಿಐಪಿ ಕೋಣೆಯಲ್ಲಿ ಬೇಡ. ಎಂಟು ವಿದ್ಯಾರ್ಥಿಗಳ ಜೊತೆ ಒಂದೇ ಮೇಜಿಗೆ ಕೂರಿಸಿ, ದಿನಕ್ಕೊಂದು ಗುಂಪು. ಸಭೆಯಲ್ಲಿ ಬಾಯಿ ಬಿಡದವರು ರೊಟ್ಟಿ, ಎಣ್ಣೆಗಾಯಿ ಮುಂದೆ ಪಿಎಚ್‌ಡಿ ಪ್ರವೇಶ, ಫೆಲೋಶಿಪ್ ಬಗ್ಗೆ ನೂರೆಂಟು ಕೇಳುತ್ತಾರೆ. ಹೋಳಿಗೆ ಊಟ ಶುಕ್ರವಾರಕ್ಕೆ ಇಟ್ಟುಕೊಳ್ಳಿ. ನಡುವಾರದಲ್ಲಿ ಹೋಳಿಗೆ, ತುಪ್ಪ ಬಡಿಸಿದರೆ 2 ಗಂಟೆಯ ಉಪನ್ಯಾಸ ಕೇಳಲು ಯಾರೂ ಎಚ್ಚರ ಇರುವುದಿಲ್ಲ.

ಬುಧವಾರ ಜನ ಕಡಿಮೆಯಾಗುವುದು ಸಹಜ. ಅಂದು ಮಧ್ಯಾಹ್ನದ ಉಪನ್ಯಾಸದ ಬದಲು ಪ್ರಯೋಗಾಲಯದಲ್ಲಿ ಏನಾದರೂ ಮಾಡಿ ತೋರಿಸಿ. ಸವಳು ಮಣ್ಣಿನ ವಿದ್ಯುತ್ ವಾಹಕತೆ ಅಳೆಯುವುದು ಸಾಕು: ವಿದ್ಯಾರ್ಥಿಗಳು ತಮ್ಮ ಹೊಲದ ಮಣ್ಣು ತರಲಿ, ಅತಿಥಿ ಜೊತೆಗಿದ್ದು ಓದಿ ಹೇಳಲಿ.

ಕೆಟ್ಟ ಸೂಚನೆಗಳು: ಪ್ರಾಧ್ಯಾಪಕರೇ ಫೋನು ಹಿಡಿದು ಹೊರಗೆ ಹೋಗುವುದು, ಹಿಂದಿನ ಸಾಲು ಬ್ಯಾಗು ತೊಡೆ ಮೇಲೆ ಇಟ್ಟುಕೊಳ್ಳುವುದು, ಎರಡು ಉಪನ್ಯಾಸಕ್ಕೆ ಒಂದೂ ವಿದ್ಯಾರ್ಥಿ ಪ್ರಶ್ನೆ ಬಾರದಿರುವುದು. ಮೂರನೆಯದು ಕಂಡರೆ ಅಂದೇ ಸಂಜೆ ಮರುದಿನದ ಹಾಳೆಯನ್ನು ಇನ್ನೂ ಸರಳ ಮಾಡಿ, ಅತಿಥಿಗೂ ಫೋನು ಮಾಡಿ ತಿಳಿಸಿ.

ಹಂತ 10: ಮುಗಿದ ಮೇಲಿನ ಕೆಲಸ

ಅತಿಥಿ ಕಾರು ಹತ್ತುವ ಮುಂಚೆ ಪ್ರಯಾಣ ಭತ್ಯೆಯ ಫಾರಂಗೆ ಸಹಿ, ಬ್ಯಾಂಕ್ ವಿವರ, ಟಿಕೆಟಿನ ಪ್ರತಿ ತೆಗೆದುಕೊಳ್ಳಿ. ಆಮೇಲೆ ಅಂಚೆಯಲ್ಲಿ ತರಿಸಿಕೊಳ್ಳೋಣ ಅಂದರೆ ಗೌರವಧನ ತಿಂಗಳುಗಟ್ಟಲೆ ತಡವಾಗುತ್ತದೆ, ಮುಂದಿನ ವರ್ಷ ಅವರಿಗೆ ಫೋನು ಮಾಡಲು ನಿಮಗೇ ನಾಚಿಕೆಯಾಗುತ್ತದೆ. ವಿಡಿಯೊ ಹಾಕುವುದಾದರೆ ಬರಹದಲ್ಲಿ ಒಪ್ಪಿಗೆ ಬೇಕು, ಪ್ರಕಟವಾಗದ ಫಲಿತಾಂಶದ ಸ್ಲೈಡುಗಳನ್ನು ತೆಗೆಯಬೇಕು.

ಹೊತ್ತು ಸಾಲದೆ ಉಳಿದ ಪ್ರಶ್ನೆ ಚೀಟಿಗಳಲ್ಲಿ ಐದನ್ನು ಆರಿಸಿ ಉಪನ್ಯಾಸಕರಿಗೆ ಕಳಿಸಿ. ಉತ್ತರ ಬಂದದ್ದನ್ನು ವಿಭಾಗದ ಫಲಕಕ್ಕೆ ಹಚ್ಚಿ, ಪ್ರಶ್ನೆ ಕೇಳಿದವರ ಹೆಸರಿನ ಜೊತೆ. ವಿಜ್ಞಾನ ಅಕಾಡೆಮಿಗಳ ಬೇಸಿಗೆ ಸಂಶೋಧನಾ ಫೆಲೋಶಿಪ್ಪಿಗೆ ಅರ್ಜಿ ಹಾಕಲು ಮನಸ್ಸಿರುವವರ ಪಟ್ಟಿ ಈಗಲೇ ಮಾಡಿ, ಪ್ರಕಟಣೆ ಬಂದಾಗ ಅವರ ಬೆನ್ನು ಹತ್ತಿ ಹಾಕಿಸಿ.

ಬಸ್ಸಿನ ಹಾಳೆ, ಪದಗಳ ಹಾಳೆ, ಕೊಟೇಶನ್, ಬಿಲ್ಲಿನ ಪ್ರತಿ, ಬರಲಾಗದೆ ಇನ್ನೊಮ್ಮೆ ಬರುತ್ತೇನೆ ಎಂದವರ ನಂಬರು, ಎಲ್ಲವನ್ನೂ ಒಂದೇ ಫೈಲಿಗೆ ಹಾಕಿ ವಿಭಾಗದ ಕಪಾಟಿನಲ್ಲಿಡಿ. ಸಂಯೋಜಕರ ಮನೆಯಲ್ಲಿ ಬೇಡ. ವರ್ಗಾವಣೆ ಆದವರ ಜೊತೆ ಫೈಲೂ ಹೋಗಿಬಿಡುತ್ತದೆ.